ಸಂಶೋಧನೆಯೂ ಸಂಬಳವೂ

ಎಂ.ಎ. ಮುಗಿಸಿ ಸಂಶೋಧನೆಗೆ ತೊಡಗಿದ ತರುಣನೊಬ್ಬ ಎರಡು ಮೂರು ವರ್ಷಗಳ ಬಳಿಕ ಪ್ರಬಂಧವನ್ನು ಅರ್ಧಕ್ಕೇ ನಿಲ್ಲಿಸಿ, ಹೆಚ್ಚಿನ ಸಂಬಳದ ಉದ್ಯೋಗಕ್ಕೆ ಸೇರಿದನೆಂದರೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ವಿದ್ವಾಂಸರು ‘ಸರಸ್ವತಿಯನ್ನು ಬಿಟ್ಟು ಲಕ್ಷ್ಮಿಯ ಬೆನ್ನು ಹತ್ತಿದ’ ಎನ್ನುತ್ತಾರೆ. ಮನೆಯವರು ‘ಕಡೆಗೂ ಬುದ್ಧಿ ಬಂತು’ ಎನ್ನುತ್ತಾರೆ. ಎರಡು ಮಾತುಗಳೂ ವಿಷಯದ ಅಂಚನ್ನಷ್ಟೇ ಮುಟ್ಟುತ್ತವೆ. ಅವನು ಬಿಟ್ಟುದೇಕೆ, ಬಿಟ್ಟಾಗ ನಷ್ಟವಾಗುವುದೇನು, ಆ ನಷ್ಟವನ್ನು ತಡೆಯುವ ಬಗೆ ಯಾವುದು, ಈ ಮೂರನ್ನು ವಿಚಾರಿಸೋಣ.

ಮೊದಲು ಲೆಕ್ಕ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿತು. ಎರಡು ವರ್ಷ ಕಳೆದವರಿಗೆ 42,000. ಇದನ್ನು ಅಲ್ಪವೆನ್ನಲಾಗದು. ಆದರೆ ಅದು ಪರೀಕ್ಷೆಯಲ್ಲಿ ಮೇಲೆ ಬಂದ ಕೆಲವರ ಪಾಲಿನದು. ಉಳಿದವರಲ್ಲಿ ಅನೇಕರು ಅತಿಥಿ ಉಪನ್ಯಾಸಕರಾಗಿ ದಿನ ನೂಕುತ್ತಾರೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಗೌರವಧನ ಏರುವ ತನಕ, ಆಯೋಗದ ಅರ್ಹತೆಯುಳ್ಳವರಿಗೆ ದೊರೆಯುತ್ತಿದ್ದುದು 13,000, ಇಲ್ಲದವರಿಗೆ 11,000 ರೂಪಾಯಿ. ಅದೇ ಪಾಠವನ್ನು ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನವೇ ಆಯೋಗದ ಶ್ರೇಣಿಯಲ್ಲಿ 57,700. ಈ ಕಂದರವನ್ನು ದಾಟಲು ಎಷ್ಟು ವರ್ಷ ಕಾಯಬೇಕೆಂಬುದನ್ನು ಯಾರೂ ಹೇಳಲಾರರು. ಸರ್ಕಾರದ ಇತರ ಹುದ್ದೆಗಳ ವಯೋಮಿತಿಯಾದರೋ ಕಾಯುವುದಿಲ್ಲ.

ಇದರೊಡನೆ ನಿಯಮಗಳ ಓಲಾಟವೂ ಸೇರಿತು. ವಿಶ್ವವಿದ್ಯಾನಿಲಯದ ವಿಭಾಗಗಳಲ್ಲಿ ಅಧ್ಯಾಪಕರಾಗಲು 2021ರ ಜುಲೈಯಿಂದ ಪಿಎಚ್‌.ಡಿ. ಕಡ್ಡಾಯವೆಂದು 2018ರಲ್ಲಿ ವಿಧಿಸಲಾಯಿತು. ಅದನ್ನು ಎರಡು ವರ್ಷ ಮುಂದೂಡಲಾಯಿತು. 2023ರ ಜುಲೈಯಲ್ಲಿ ಅರ್ಹತಾ ಪರೀಕ್ಷೆಯೇ ಸಾಕು, ಪದವಿ ಐಚ್ಛಿಕವೆಂದಾಯಿತು. ಕಡ್ಡಾಯವೆಂದು ನಂಬಿ ಹೊರಟವನು ನಡುದಾರಿಯಲ್ಲಿ ನಿಂತು ಯೋಚಿಸಿದರೆ ಅದನ್ನು ಚಾಂಚಲ್ಯವೆನ್ನುವುದು ನ್ಯಾಯವಲ್ಲ.

ಸಂಬಳದ ಉದ್ಯೋಗ ಹಿಡಿದವರೆಲ್ಲ ವಿದ್ಯೆಗೆ ಎರವಾದರೆಂಬುದೂ ನಿಜವಲ್ಲ. ಮಾಸ್ತಿಯವರು ಎಂ.ಎ. ಪದವಿ ಪಡೆದು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸೇರಿದರು. ಅಧಿಕಾರಿಯಾಗಿದ್ದುಕೊಂಡೇ ಕನ್ನಡದ ಸಣ್ಣಕಥೆಯನ್ನು ಬೆಳೆಸಿದರು. ಚಿತ್ರದುರ್ಗದ ಪಾಳೆಯಗಾರರ ಚರಿತ್ರೆ ಬರೆದ ಎಂ. ಎಸ್. ಪುಟ್ಟಣ್ಣನವರು ಅಮಲ್ದಾರಿಕೆ ಮಾಡಿದವರು. ವಿಜ್ಞಾನದಲ್ಲೂ ಇಂಥದೇ ನಿದರ್ಶನವಿದೆ. ಸಿ. ವಿ. ರಾಮನ್ ಅವರು 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಕಚೇರಿಗೆ ಮುನ್ನ ಬೆಳಗಿನಲ್ಲಿ, ಕಚೇರಿ ಮುಗಿದ ಮೇಲೆ ಸಂಜೆಯಲ್ಲಿ ಪ್ರಯೋಗ ನಡೆಸಿದರು. 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಗೆ ಬಂದರು. ಹಾಗೆಂದು ಎಲ್ಲರೂ ಹೊರಗಿನಿಂದಲೇ ದುಡಿಯಬಲ್ಲರೆಂದಲ್ಲ. ನಮ್ಮ ಜಿಲ್ಲೆಯ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರಂಥವರು ಅಧ್ಯಾಪನದಲ್ಲೇ ನಿಂತುದರಿಂದ ಮೈಸೂರಿನಲ್ಲಿ ಕನ್ನಡ ವ್ಯಾಸಂಗಕ್ಕೆ ಬುನಾದಿ ದೊರೆಯಿತು. ನಿಲ್ಲುವವರೂ ಬೇಕು, ಅವರಿಗೆ ಅನ್ನವೂ ಬೇಕು.

ಹಾಗಾದರೆ ನಷ್ಟವೆಲ್ಲಿದೆ? ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬ ನನ್ನಲ್ಲಿ ಓದಿದ್ದ. ಮಳೆಯನ್ನೇ ನಂಬಿದ ಶೇಂಗಾ ಹೊಲ, ಮದುವೆಗೆ ಬಂದ ತಂಗಿ. ಆ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯ ನಾದದೊಡನೆ ಜುಂಜಪ್ಪನ ಕಥೆ ಹಾಡುವ ಮುದುಕರನ್ನೂ, ಪದ ಹೇಳುವ ಅಜ್ಜಿಯರನ್ನೂ ಹುಡುಕಿ, ಕೇಳಿದ್ದನ್ನೆಲ್ಲ ಬರೆದುಕೊಂಡಿದ್ದ. ಕಂದಾಯ ಇಲಾಖೆಯಲ್ಲಿ ಕೆಲಸವಾಯಿತು, ಹೋದ. ಹೋದುದು ಸರಿಯೇ. ಆದರೆ ನೋಟುಪುಸ್ತಕಗಳು ಟ್ರಂಕಿನಲ್ಲಿ ಉಳಿದವು. ಹಾಡಿದವರಲ್ಲಿ ಕೆಲವರು ಇಂದಿಲ್ಲ. ಪದವಿಯೊಂದು ತಪ್ಪಿದರೆ ಅದು ಒಬ್ಬನ ನಷ್ಟ. ಹಟ್ಟಿಯ ಹಾಡು ಗೆದ್ದಲಿನ ಪಾಲಾದರೆ ಅದು ಭಾಷೆಯ ನಷ್ಟ.

ಇದನ್ನು ತಡೆಯುವುದು ಕಷ್ಟವಲ್ಲ. 2022ರ ನಿಯಮಾವಳಿಯು ಉದ್ಯೋಗಸ್ಥರಿಗೆ ಅಂಶಕಾಲಿಕ ಪಿಎಚ್‌.ಡಿ. ಮಾಡಲು ಅವಕಾಶ ಕೊಟ್ಟಿದೆ. ಉದ್ಯೋಗ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ಪ್ರವೇಶದಿಂದ ಆರು ವರ್ಷಗಳ ಅವಧಿಯೂ ಉಂಟು. ಅದೂ ಆಗದೆಂದರೆ, ಬಿಡುವ ಮುನ್ನ ಸಂಗ್ರಹಿಸಿದ್ದನ್ನು ಹೊಂದಿಸಿ, ಹಾಡಿದವರ ಹೆಸರು, ಊರು, ದಿನಾಂಕಗಳನ್ನು ನಮೂದಿಸಿ, ಒಂದು ಪ್ರತಿಯನ್ನು ವಿಭಾಗಕ್ಕೂ ಇನ್ನೊಂದನ್ನು ಗ್ರಂಥಾಲಯಕ್ಕೂ ಒಪ್ಪಿಸಬಹುದು. ಮಾರ್ಗದರ್ಶಕರಾದವರು ಹೋಗುವವನನ್ನು ಶಪಿಸುವ ಬದಲು ಇದನ್ನು ಕೇಳಿ ಪಡೆಯಬೇಕು. ಮುಂದೆ ಬರುವ ವಿದ್ಯಾರ್ಥಿ ಅಲ್ಲಿಂದಲೇ ಆರಂಭಿಸಬಹುದು.

ಸಂಸಾರದ ಭಾರ ಹೊತ್ತವನು ಸಂಬಳವನ್ನು ಅರಸಿದರೆ ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಹಟ್ಟಿಯ ಜಗುಲಿಯಲ್ಲಿ ಕೂಡಿಸಿಕೊಂಡು ರಾತ್ರಿಯೆಲ್ಲ ಹಾಡಿದವರ ಋಣ ಮಾತ್ರ ಹೊಸ ಉದ್ಯೋಗದ ಊರಿಗೂ ಅವನೊಡನೆ ಬರುತ್ತದೆ. ಅದನ್ನು ತೀರಿಸಲು ಪದವಿಯೇ ಬೇಕೆಂದಿಲ್ಲ.