ಹಗೇವು: ಬರಗಾಲಕ್ಕೆಂದು ನೆಲದೊಳಗಿಟ್ಟ ರಾಗಿ

ಮಂಡ್ಯ ಜಿಲ್ಲೆ ಎಂದರೆ ಕನ್ನಂಬಾಡಿ ನಾಲೆ, ಕಬ್ಬು, ಭತ್ತ ಎಂಬ ಮಾತಿದೆ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆಗೆ ಹನಿ ನೀರಾವರಿ ಯೋಜನೆ ಬಂದದ್ದು ಈಚೆಗೆ. ಅದಕ್ಕೂ ಮುಂಚೆ, ನಾಲೆ ಮುಟ್ಟದ ಬೆದ್ದಲಿನ ರಾಗಿಗೆ ಮಳೆಯೇ ಗತಿ. ಮಳೆ ಕೈಕೊಟ್ಟ ವರ್ಷವನ್ನು ದಾಟಲು ಹಳೆ ಮೈಸೂರು ಸೀಮೆಯ ರೈತರು ಕಂಡುಕೊಂಡಿದ್ದ ಉಪಾಯ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ.

ಮೊದಲ ಕೆಲಸ ಜಾಗ ಗೊತ್ತುಮಾಡುವುದು. ಮಳೆನೀರು ನಿಲ್ಲದ ದಿಣ್ಣೆ ಬೇಕು. ಕುಸಿಯದ, ಜಿನುಗದ ಗಟ್ಟಿ ಮಣ್ಣು ಬೇಕು. ಒಬ್ಬ ಆಳು ಇಳಿಯುವಷ್ಟೇ ಕಿರಿದಾದ ಬಾಯಿ ತೋಡಿ, ಕೆಳಗೆ ಹೋದಂತೆ ಸುತ್ತಲೂ ಕೊರೆದು ಅಗಲಿಸುತ್ತಾರೆ. ಮುಗಿದಾಗ ಗುಂಡಿಗೆ ಹೂಜಿಯ ಆಕಾರ. ಅರೆಗತ್ತಲಲ್ಲಿ ಕೂತು, ಮೇಲಿನ ಮಣ್ಣು ಉದುರದಂತೆ ಗೋಡೆಯನ್ನು ಬಾಗಿಸಿ ತರುವುದು ಪಳಗಿದ ಕೈಗೆ ಮಾತ್ರ ಒಗ್ಗುವ ಕೆಲಸ.

ರಾಗಿಯ ತಯಾರಿಯೂ ಅಷ್ಟೇ ನಾಜೂಕು. ಕಣದಲ್ಲಿ ಗುಂಡು ಉರುಳಿಸಿ ಒಕ್ಕಿ, ಗಾಳಿಗೆ ತೂರಿ, ಬಿಸಿಲಿಗೆ ಹರಡಿ ಒಣಗಿಸಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಗುಂಡಿಯ ತಳಕ್ಕೂ ಗೋಡೆಗೂ ಒಣಹುಲ್ಲನ್ನು ಒತ್ತಾಗಿ ಕೊಟ್ಟು ರಾಗಿ ಸುರಿಯುತ್ತಾರೆ. ಮೇಲೆ ಮತ್ತೆ ಹುಲ್ಲು, ಬಾಯಿಗೆ ಚಪ್ಪಡಿ, ಸಂದಿಗೆ ಕಲಸಿದ ಮಣ್ಣು.

ಇನ್ನು ಮುಂದಿನ ಕೆಲಸ ಕಾಳಿನದೇ. ಕಾಳೂ ಉಸಿರಾಡುತ್ತದೆ. ಒಳಗಿದ್ದ ಆಮ್ಲಜನಕ ಕರಗುತ್ತ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಬದುಕುವುದಿಲ್ಲ. ಔಷಧಿಯ ಸೋಂಕಿಲ್ಲದೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡದು. ಚಪ್ಪಡಿ ಸರಿಸಿದೊಡನೆ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡುತ್ತಾರೆ. ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಡುತ್ತಾರೆ. ದೀಪ ನಂದಿದರೆ ಯಾರೂ ಇಳಿಯುವಂತಿಲ್ಲ.

ಒಮ್ಮೆ ತೆರೆದ ಹಗೇವಿಗೆ ಹೊರಗಿನ ಗಾಳಿಯೂ ತೇವವೂ ನುಗ್ಗುತ್ತವೆ. ಹಾಗಾಗಿ ಅರ್ಧ ತೆಗೆದು ಅರ್ಧ ಬಿಡುವುದಕ್ಕಿಂತ ಪೂರ್ತಿ ಬರಿದು ಮಾಡುವುದೇ ಕ್ಷೇಮ. ತೆರೆಯಬೇಕೋ ಬೇಡವೋ ಎಂಬುದನ್ನು ಮನೆಯ ಹಿರಿಯರು ಮಳೆಯ ಲೆಕ್ಕ ನೋಡಿ ತೀರ್ಮಾನಿಸಬೇಕಿತ್ತು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಈಗ ಬರ ಬಂದರೆ ಆಸರೆ ಪಡಿತರದ ಅಂಗಡಿ. ಅಲ್ಲಿಗೆ ಕಾಳು ಬರುವುದು ದೂರದ ಗೋದಾಮಿನಿಂದ, ಲಾರಿಯಲ್ಲಿ. ಹಗೇವಿನ ರಾಗಿ ಊರಲ್ಲೇ ಇತ್ತು. ಗಾಳಿ ಹೊಗದಂತೆ ಮುಚ್ಚಿ ಕಾಳು ಕಾಯುವ ಇಂದಿನ ಪದರದ ಚೀಲಗಳು ನೆಚ್ಚಿಕೊಂಡಿರುವುದೂ ಇದೇ ತತ್ವವನ್ನು. ಗುಂಡಿ ತೋಡುವವರು ಕಡಿಮೆಯಾದರೂ, ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ಊರಲ್ಲೇ ಉಳಿಸಿಕೊಳ್ಳಲು ಆ ಚೀಲಗಳಿಂದಲೂ ಸಾಧ್ಯ.