ಪೈರಿಗೆ ದಾರಿಬಿಟ್ಟ ಅಚ್ಚು

ಅಚ್ಚು ಎಂಬುದು ಚಕ್ರಗಳನ್ನು ಧರಿಸುವ ದಂಡವೆಂದು ಎಲ್ಲರೂ ಬಲ್ಲರು. ಅಮೆರಿಕದ ಹೊಲಗಳಲ್ಲಿ ಕುದುರೆಯಿರಬೇಕೋ ಟ್ರ್ಯಾಕ್ಟರಿರಬೇಕೋ ಎಂಬುದು ಈ ಅಚ್ಚಿನ ರಚನೆಯಿಂದಲೇ ಬಹುಮಟ್ಟಿಗೆ ನಿರ್ಣಯವಾಯಿತೆಂಬುದನ್ನು ವಾಚಕರಿಗೆ ಅರಿಕೆಮಾಡುವೆವು.

1917ರಲ್ಲಿ ತಯಾರಾಗತೊಡಗಿದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವಾಗಿದ್ದು, ನೇಗಿಲನ್ನು ಚೆನ್ನಾಗಿ ಎಳೆಯುತ್ತಿದ್ದಿತು. ಆದರೆ ಅದರ ಒಡಲು ನೆಲಕ್ಕೆ ತಗ್ಗಾಗಿದ್ದುದರಿಂದ, ಬೆಳೆದ ಮೆಕ್ಕೆಜೋಳದ ಸಾಲಿನ ಮೇಲೆ ಹಾಯಿಸಿದರೆ ಪೈರು ಮುರಿಯುತ್ತಿದ್ದಿತು. ಆದಕಾರಣ ಕಳೆ ತೆಗೆಯಲು ರೈತನು ಕುದುರೆಗಳನ್ನೂ ಸಾಕಬೇಕಾಗಿದ್ದಿತು; ಯಂತ್ರದ ವೆಚ್ಚದೊಡನೆ ಮೇವಿನ ವೆಚ್ಚವೂ ತಪ್ಪಲಿಲ್ಲ.

ಸಾಲುಬೆಳೆಯನ್ನು ಕಂಡವರಿಗೆ ಈ ಸಂಕಟವು ಹೊಸದಲ್ಲ. ನಮ್ಮ ಬಾಲ್ಯದಲ್ಲಿ ಜೋಳದ ಹೊಲಕ್ಕೆ ಎಡೆಕುಂಟೆ ಹೊಡೆಯುವಾಗ, ಎತ್ತುಗಳು ಪೈರಿಗೆ ಬಾಯಿಹಾಕದಂತೆ ಕುಕ್ಕೆ ಕಟ್ಟುತ್ತಿದ್ದರು. ಕುಂಟೆಯು ಅಂಗೈಯಗಲ ಸರಿದರೂ ಪೈರು ಕಿತ್ತುಬರುತ್ತಿದ್ದಿತು.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಇಂಜಿನಿಯರ್ ಬರ್ಟ್ ಬೆಂಜಮಿನ್ ಇದಕ್ಕೆ ಪರಿಹಾರವನ್ನು ಕಲ್ಪಿಸಿದರು. 1924ರಲ್ಲಿ ಮಾರಾಟಕ್ಕೆ ಬಂದ ಫಾರ್ಮಾಲ್‌ನಲ್ಲಿ ಹಿಂದಿನ ಅಚ್ಚಿನ ಮನೆಯು ಎತ್ತರದಲ್ಲಿದ್ದಿತು. ಅದರ ಎರಡು ತುದಿಗಳಲ್ಲಿದ್ದ ಹಲ್ಲುಚಕ್ರಗಳು ಶಕ್ತಿಯನ್ನು ಗಾಲಿಗಳಿಗೆ ಇಳಿಸುತ್ತಿದ್ದುವು. ಮುಂದಿನ ಕಿರುಗಾಲಿಗಳೆರಡೂ ಒತ್ತಾಗಿದ್ದು, ಎರಡು ಸಾಲುಗಳ ನಡುವೆ ನಡೆಯುತ್ತಿದ್ದುವು. ಹೀಗೆ ಪೈರು ಯಂತ್ರದಡಿಯಲ್ಲಿ ಮುರಿಯದೆ ನಿಲ್ಲುತ್ತಿದ್ದಿತು.

ಇನ್ನೊಂದು ತೊಡಕು ಉಳಿದಿದ್ದಿತು. ಕುದುರೆ ನಡೆಯುವಂತೆ ಬಿತ್ತಿದ ಮೆಕ್ಕೆಜೋಳದ ಸಾಲುಗಳಿಗೆ ಸುಮಾರು 40 ಅಂಗುಲ ಅಂತರವಾದರೆ, ಬೇರೆ ಬೆಳೆಗಳಿಗೆ ಬೇರೆ ಅಂತರ. 1934ರಲ್ಲಿ ಬಂದ ಜಾನ್ ಡೀರ್ ‘ಎ’ ಮಾದರಿಯಲ್ಲಿ, ಉದ್ದಕ್ಕೂ ಗಾಡಿಗಳನ್ನು ಕೊರೆದ ಅಚ್ಚಿನ ಮೇಲೆ ಹಿಂದಿನ ಗಾಲಿಗಳನ್ನು ಒಳಕ್ಕೂ ಹೊರಕ್ಕೂ ಸರಿಸಿ ಬಿಗಿಯಬಹುದಾಯಿತು.

ಉಳುವ ಬಲವು ಯಂತ್ರಕ್ಕೆ ಮೊದಲೇ ಇದ್ದಿತು. ಎಳೆಯ ಪೈರಿಗೆ ಎಡೆಗೊಟ್ಟ ಮೇಲೆಯೇ ಅದು ಕುದುರೆಯ ಸ್ಥಾನಕ್ಕೆ ಬಂದಿತು.