ಮೀಟದೆ ನುಡಿದ ತಂತಿ

ಹ್ಯಾರಿ ಡಿ'ಆರ್ಮಂಡ್ ಅವರ ಕಸುಬು ಪಿಕಪ್ ತಯಾರಿಕೆ. ಗಿಟಾರಿನ ತಂತಿಗಳ ಕೆಳಗೆ ಅಡಗಿ ಕೂತು, ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಆ ಪುಟ್ಟ ಸಾಧನ 1930ರ ದಶಕದ ಅಮೆರಿಕದಲ್ಲಿ ಹೊಸ ಸರಕು. ಅದು ಎಷ್ಟು ಸೂಕ್ಷ್ಮ ಎಂದು ಮನದಟ್ಟು ಮಾಡಿಸಲು ಅವರು ಒಂದು ಉಪಾಯ ಕಂಡುಕೊಂಡಿದ್ದರು. ತಂತಿಯನ್ನು ಮೀಟುವ ಗೋಜಿಗೇ ಹೋಗುತ್ತಿರಲಿಲ್ಲ. ಬೆರಳತುದಿಯಿಂದ ಅದನ್ನು ಕತ್ತಿನ ಮೇಲಿನ ಲೋಹದ ಮೆಟ್ಟಿಲಿನ (ಫ್ರೆಟ್) ಮೇಲೆ ಸುಮ್ಮನೆ ತಟ್ಟುತ್ತಿದ್ದರು. ಸ್ಪೀಕರಿನಿಂದ ಸ್ಪಷ್ಟವಾದ ಸ್ವರ ಹೊಮ್ಮುತ್ತಿತ್ತು. ನೋಡಿದವರು ಪಿಕಪ್ಪನ್ನು ಮೆಚ್ಚಿಕೊಂಡರು, ತಟ್ಟಿದ ಬೆರಳಿನ ಕಡೆಗೆ ಹೆಚ್ಚಿನವರ ಗಮನ ಹೋಗಲಿಲ್ಲ.

ಹಾಗೆ ಗಮನಿಸಿದ ಒಬ್ಬರು ಜಿಮ್ಮಿ ವೆಬ್‌ಸ್ಟರ್. ಗ್ರೆಚ್ ಕಂಪನಿಯ ಗಿಟಾರುಗಳನ್ನು ಊರೂರಿಗೆ ಒಯ್ದು ನುಡಿಸಿ ತೋರಿಸುವುದು ಅವರ ಕೆಲಸವಾಗಿತ್ತು. ಡಿ'ಆರ್ಮಂಡ್ ಮಾಡುತ್ತಿದ್ದ ಆ ಚಮತ್ಕಾರದಲ್ಲಿ ಅವರಿಗೆ ಒಂದು ವಾದನ ಪದ್ಧತಿಯೇ ಕಾಣಿಸಿತು. ಎಡಗೈಯಿಂದ ಕೆಳಸ್ವರಗಳನ್ನು ತಟ್ಟಿ, ಬಲಗೈಯಿಂದ ರಾಗ ತಟ್ಟಿ, ಒಬ್ಬರೇ ಇಬ್ಬರಂತೆ ನುಡಿಸುವುದನ್ನು ರೂಢಿಸಿಕೊಂಡರು. 1952ರಲ್ಲಿ ಅದನ್ನು ಕಲಿಸುವ ಪುಸ್ತಕವನ್ನೂ ಹೊರತಂದರು. ಆದರೂ ಜನ ಅದನ್ನು ಒಂದು ಸೋಜಿಗವೆಂದು ನೋಡಿ ಮುಂದೆ ಹೋದರು.

ಯಾಕೆ ಹೀಗಾಯಿತು ಎಂಬುದಕ್ಕೆ ಉತ್ತರ ಅಮೆರಿಕದಲ್ಲೇ ಹುಡುಕಬೇಕಿಲ್ಲ, ಬೆಳಗಾವಿಯ ಯಾವ ಬೈಠಕ್ಕಿನಲ್ಲೂ ಸಿಗುತ್ತದೆ. ತಂತಿವಾದ್ಯಗಳ ಲೋಕದಲ್ಲಿ ಎರಡು ಕೈಗಳ ನಡುವೆ ಬಹಳ ಹಳೆಯ ಪಾಲುಪಟ್ಟಿಯೊಂದಿದೆ. ಒಂದು ಕೈ ಸ್ವರವನ್ನು ಆರಿಸುತ್ತದೆ, ಇನ್ನೊಂದು ಅದಕ್ಕೆ ಜೀವ ಕೊಡುತ್ತದೆ. ವೀಣೆ, ಸಿತಾರ್, ಸರೋದ್ ಎಲ್ಲದರಲ್ಲೂ ಎಡಗೈ ಒತ್ತಬೇಕು, ಬಲಗೈ ಮೀಟಬೇಕು. ತಂತಿಯೇ ಇಲ್ಲದ ಪೇಟಿಯಲ್ಲೂ ಈ ಹಂಚಿಕೆ ತಪ್ಪಿದ್ದಲ್ಲ. ಬೆಳಗಾವಿಯಲ್ಲಿ ಪಂಡಿತ ರಾಮಭಾವು ವಿಜಾಪುರೆ (1917–2010) ಹಾರ್ಮೋನಿಯಂ ಕಲಿಸುತ್ತ ಒಂದು ದೊಡ್ಡ ಶಿಷ್ಯ ಪರಂಪರೆಯನ್ನೇ ಬೆಳೆಸಿದರು. ಅಲ್ಲಿ ಕೂಡ ಒಂದು ಕೈ ತಿದಿಯ ಮೇಲಿದ್ದರೆ ಇನ್ನೊಂದು ಮನೆಗಳ ಮೇಲೆ. ಮೆರವಣಿಗೆಗಳಲ್ಲಿ ಬ್ಯಾಂಜೋ ಎಂದು ಕರೆಸಿಕೊಳ್ಳುವ, ಜಪಾನಿನ ತೈಶೋಗೋತೊ ಮೂಲದ ಬುಲ್‌ಬುಲ್ ತರಂಗವೂ ಇದಕ್ಕೆ ಹೊರತಲ್ಲ. ಶತಮಾನಗಳಿಂದ ಕೈಗಳಿಗೆ ಅಂಟಿದ ಈ ಹಂಚಿಕೆಯನ್ನು ಒಂದು ಪುಸ್ತಕ ಅಳಿಸಿಹಾಕುವುದು ಸಾಧ್ಯವಿರಲಿಲ್ಲ.

ಪ್ರಯತ್ನಗಳು ಮಾತ್ರ ನಿಲ್ಲಲಿಲ್ಲ. ಡೇವ್ ಬಂಕರ್ ಎಂಬ ಅಮೆರಿಕನ್ ಕುಶಲಕರ್ಮಿ ಒಂದೇ ಒಡಲಿಗೆ ಎರಡು ಕತ್ತು ಜೋಡಿಸಿ, ಕೈಗೊಂದು ಕತ್ತು ಎಂದು ಹಂಚಿ, 1961ರಲ್ಲಿ ಪೇಟೆಂಟ್ ಪಡೆದರು. 1965ರಲ್ಲಿ ವಿಟ್ಟೋರಿಯೊ ಕಮಾರ್ಡೆಸೆ ಎಂಬ ಇಟಲಿಯ ವೈದ್ಯರು ಅಲ್ಲಿನ ಟಿ.ವಿ.ಯಲ್ಲಿ ಕೂತು ಸಾದಾ ಗಿಟಾರಿನ ಮೇಲೆ ಎರಡೂ ಕೈ ಆಡಿಸಿ ತೋರಿಸಿದರು. ಬಳಿಕ ತಮ್ಮ ವೈದ್ಯವೃತ್ತಿಗೇ ಮರಳಿದರು. ಬಾಗಿಲು ಹೀಗೆ ಮತ್ತೆ ಮತ್ತೆ ಅರ್ಧ ತೆರೆಯುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಆ ಬಾಗಿಲನ್ನು ಪೂರ್ತಿ ತೆರೆದ ಎಮೆಟ್ ಚಾಪ್‌ಮನ್ ಹುಟ್ಟಿದ್ದು 1936ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಜಾಝ್ ಗಿಟಾರ್ ಅವರ ಗೀಳಾಗಿತ್ತು. ಕ್ಲಿಷ್ಟವಾದ ಸ್ವರಮೇಳಗಳನ್ನು ಬೆರಳಿಗೆ ಒಗ್ಗಿಸಿಕೊಳ್ಳಲು ವರ್ಷಗಟ್ಟಲೆ ಬೆವರು ಸುರಿಸಿದರು. ಆರು ತಂತಿ ಸಾಲದೆನಿಸಿದಾಗ 1964ರಲ್ಲಿ ತಾವೇ ಒಂಬತ್ತು ತಂತಿಯ ನೀಳವಾದ ಗಿಟಾರ್ ಕಟ್ಟಿಕೊಂಡರು. ಆ ದಶಕದ ಕೊನೆಗೆ ಜಿಮಿ ಹೆಂಡ್ರಿಕ್ಸ್ ಅವರ ವಿದ್ಯುತ್ ಗಿಟಾರಿನ ಅಬ್ಬರ ಅವರನ್ನೂ ಹಿಡಿಯಿತು. ಧ್ವನಿವರ್ಧಕವನ್ನು ಏರಿಸಿಟ್ಟು, ಮೀಟದೆ ಎಡಗೈ ಒಂದರಿಂದಲೇ ತಂತಿಯನ್ನು ಬಡಿದು ಸ್ವರ ಎಬ್ಬಿಸುವುದು ಅವರಿಗೆ ರೂಢಿಯಾಗತೊಡಗಿತು. ಬಲಗೈಗೆ ಆಗ ಕೆಲಸವೇ ಉಳಿಯಲಿಲ್ಲ.

1969ರ ಆಗಸ್ಟ್ 26. ಲಾಸ್ ಏಂಜಲೀಸ್‌ನ ಲಾರೆಲ್ ಕ್ಯಾನ್ಯನ್. ಕೆಲಸವಿಲ್ಲದ ಆ ಬಲಗೈಯೂ ಎಡಗೈಯ ಜೊತೆಗೆ ಗಿಟಾರಿನ ಕತ್ತಿನ ಮೇಲೆ ಬಂತು. ಹೀಗೆ ಬಂದ ಬಲಗೈಗಳು ಹಿಂದೆಯೂ ಇದ್ದವು. ಆದರೆ ವಾದ್ಯವನ್ನು ಅಡ್ಡ ಹಿಡಿದಾಗ ಬಲಗೈಯ ಬೆರಳುಗಳು ತಂತಿಯ ಉದ್ದಕ್ಕೇ ಚಾಚಿ ಮಲಗುತ್ತವೆ, ನಾಲ್ಕೂ ಬೆರಳು ಒಂದೇ ಕಡೆ ಗುಂಪುಗೂಡುತ್ತವೆ. ಒಂದೋ ಎರಡೋ ಬೆರಳಷ್ಟೇ ಉಪಯೋಗಕ್ಕೆ ಬರುತ್ತವೆ. ಚಾಪ್‌ಮನ್ ಅಂದು ವಾದ್ಯವನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿದರು, ಬಲಗೈಯನ್ನು ಕತ್ತಿನ ಇನ್ನೊಂದು ಬದಿಯಿಂದ ತಂದು ತಂತಿಗೆ ಅಡ್ಡಲಾಗಿ ಇಟ್ಟರು. ಬೆರಳುಗಳೀಗ ಮೆಟ್ಟಿಲುಗಳಿಗೆ ಸಮಾನಾಂತರವಾಗಿದ್ದವು. ತೋರುಬೆರಳಿಗೆ ಒಂದು ಮೆಟ್ಟಿಲು, ನಡುಬೆರಳಿಗೆ ಮುಂದಿನದು, ಉಂಗುರಬೆರಳಿಗೆ ಅದರಾಚೆಯದು, ಕಿರುಬೆರಳಿಗೆ ಇನ್ನೂ ಮುಂದಿನದು. ಎಡಗೈಗೆ ಎಷ್ಟು ಸಾಮರ್ಥ್ಯವಿತ್ತೋ ಅಷ್ಟೇ ಬಲಗೈಗೂ ದಕ್ಕಿತು. ಒಂದು ಕೈಯನ್ನು ತಿರುಗಿಸಿ ಇಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು. ದೊಡ್ಡ ದೊಡ್ಡ ಕಲಾವಿದರ ಕೈ ಆ ಜಾಗದ ಅಕ್ಕಪಕ್ಕದಲ್ಲೇ ಹಾದುಹೋಗಿತ್ತು ಎಂಬುದನ್ನು ನೆನೆದರೆ ಈಗಲೂ ಬೆರಗಾಗುತ್ತದೆ.

ಮುಂದಿನದು ಹೆಚ್ಚು ಕಠಿಣವಾದ ಭಾಗ. ಚಾಪ್‌ಮನ್‌ರಿಗೆ ಆಗ ಮೂವತ್ತೆರಡು ವರ್ಷ, ನುರಿತ ಗಿಟಾರ್ ವಾದಕ. ವರ್ಷಗಳ ಸಾಧನೆಯಿಂದ ಬಂದ ಆ ಜಾಝ್ ಕೈಚಳಕವನ್ನು ಅವರು ಬದಿಗಿಟ್ಟು, ಒಂದೊಂದೇ ಸ್ವರ ತಟ್ಟುವ ಆರಂಭಿಕ ವಿದ್ಯಾರ್ಥಿಯಾದರು. ತಿದ್ದಲು ಗುರುವಿರಲಿಲ್ಲ, ಅನುಸರಿಸಲು ಬಾಜ್ (ವಾದನಶೈಲಿ) ಇರಲಿಲ್ಲ, ಕೇಳಿ ಕಲಿಯಲು ಒಂದು ಧ್ವನಿಮುದ್ರಿಕೆಯೂ ಇರಲಿಲ್ಲ. ಈ ಪದ್ಧತಿಯ ಮೊದಲ ವಿದ್ಯಾರ್ಥಿ ಅದನ್ನು ಕಂಡುಹಿಡಿದವರೇ. ಆವಿಷ್ಕಾರದ ಕೀರ್ತಿ ಅವರಿಗೆ ಸಲ್ಲಬೇಕಾದದ್ದು ಆಗಸ್ಟಿನ ಆ ಒಂದು ದಿನಕ್ಕಿಂತ ಹೆಚ್ಚಾಗಿ, ಕೈಯಲ್ಲಿದ್ದ ವಿದ್ಯೆಯನ್ನು ಬಿಟ್ಟುಕೊಟ್ಟ ಈ ಧೈರ್ಯಕ್ಕಾಗಿ.

ಗಿಟಾರ್ ಸುಲಭವಾಗಿ ಒಗ್ಗಲಿಲ್ಲ. ತಟ್ಟಿದಾಗ ತಂತಿ ಎರಡು ಭಾಗವಾಗುತ್ತದೆ. ಬೆರಳಿನಿಂದ ಕುದುರೆಯವರೆಗಿನ ಭಾಗ ಬೇಕಾದ ಸ್ವರ ನುಡಿದರೆ, ಬೆರಳಿನಿಂದ ಬಿರಡೆಯ ಕಡೆಗಿನ ಭಾಗ ಬೇಡದ ಸ್ವರವೊಂದನ್ನು ಗುನುಗುತ್ತದೆ. ಬೆರಳೆತ್ತಿದರೆ ಖಾಲಿ ತಂತಿಯೂ ದನಿಗೂಡಿಸಿ ಗದ್ದಲವೆಬ್ಬಿಸುತ್ತದೆ. ಕತ್ತಿನ ಮೇಲ್ತುದಿಯಲ್ಲಿ ತಂತಿಗಳಿಗೆ ಮೆತ್ತನೆಯ ತಡೆ ಹಾಕಿ ಚಾಪ್‌ಮನ್ ಆ ಗದ್ದಲವನ್ನು ಅಡಗಿಸಿದರು. ತಂತಿಗಳು ಎತ್ತರದಲ್ಲಿದ್ದರೆ ಬೆರಳು ಬಹು ದೂರ ಇಳಿಯಬೇಕಾಗುತ್ತಿತ್ತು. ಅವನ್ನು ಮೆಟ್ಟಿಲಿಗೆ ಇನ್ನೇನು ತಾಗುತ್ತವೆ ಎನ್ನುವಷ್ಟು ತಗ್ಗಿಸಿದರು. ಎರಡೂ ಕೈ ಸ್ವರ ನುಡಿಸುತ್ತಿರುವಾಗ ವಾದ್ಯವನ್ನು ಹಿಡಿಯುವವರಾರು? ಹೆಗಲಿಗೊಂದು ಪಟ್ಟಿ, ಸೊಂಟದ ಬೆಲ್ಟಿಗೊಂದು ಕೊಕ್ಕೆ ಬಂದವು. ಹೀಗೆ ಒಂದೊಂದೇ ತೊಡಕು ಬಿಡಿಸುತ್ತ ಹೋದಾಗ ಗಿಟಾರಿನ ಒಡಲಿಗೇ ಕೆಲಸವಿಲ್ಲದಂತಾಯಿತು. 1970ರಲ್ಲಿ ಅವರು ಒಡಲನ್ನು ಪೂರ್ತಿ ಕೈಬಿಟ್ಟು, ಕರಿಮರದ ಒಂದೇ ಹಲಗೆಗೆ ತಂತಿ ಬಿಗಿದರು. ನೋಡಲು ಅದು ಮೆಟ್ಟಿಲು ಬಡಿದ ಪಟ್ಟಿ, ಅಷ್ಟೇ. ಅದಕ್ಕೆ ಅವರು ಇಟ್ಟ ಹೆಸರು ಸ್ಟಿಕ್.

ಹೆಸರಿಟ್ಟ ಮಾತ್ರಕ್ಕೆ ಕೊಳ್ಳುವವರು ಬರಲಿಲ್ಲ. ತಯಾರಿಕೆ ಆರಂಭವಾಗುವ ಹೊತ್ತಿಗೆ 1974 ಬಂದಿತ್ತು. ಪತ್ನಿ ಯೂಟಾ ಅವರ ಜೊತೆಗೂಡಿ ಮನೆಯನ್ನೇ ಕಾರ್ಖಾನೆ ಮಾಡಿಕೊಂಡು ಚಾಪ್‌ಮನ್ ಸ್ಟಿಕ್‌ಗಳನ್ನು ತಯಾರಿಸತೊಡಗಿದರು. ಅದೇ ವರ್ಷ ಅಮೆರಿಕದ ಜನಪ್ರಿಯ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಅವರು ಕಾಣಿಸಿಕೊಂಡರು. ಎದುರಿಗೆ ಕೂತ ಅತಿಥಿಯ ಕಸುಬು ಏನೆಂದು ಪ್ರಶ್ನೆ ಕೇಳುತ್ತ ಊಹಿಸುವ ಆಟವದು. ಹೊಸ ವಾದ್ಯ ಕಟ್ಟಿದವನ ಕಸುಬು ಊಹೆಯ ಆಟಕ್ಕೆ ವಸ್ತುವಾಗುವಷ್ಟು ಅಪರೂಪವಾಗಿತ್ತು.

ಮೊದಲ ತಂಡದ ಸ್ಟಿಕ್‌ಗಳು ಕಬ್ಬಿಣದಷ್ಟು ಗಟ್ಟಿಯಾದ ಮರದವು. ಆಮೇಲೆ ಬಗೆಬಗೆಯ ಮರಗಳ ಜೊತೆಗೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನೂ, ಸೀಳಿ ಅಂಟಿಸಿ ಒತ್ತಿದ ಬಿದಿರನ್ನೂ ಬಳಸಿದರು. ಬೆಳಗಾವಿಯಿಂದ ದಕ್ಷಿಣಕ್ಕೆ ಇಳಿದರೆ ಸಿಗುವ ಖಾನಾಪುರ ತಾಲೂಕಿನವರಿಗೆ ಈ ಮಾತು ಹೊರಗಿನದೆನಿಸದು. ಅಲ್ಲಿನ ಕಾಡಿನಲ್ಲಿ ಬಿದಿರಿದೆ, ಬೀಟೆಯಿದೆ. ಪಶ್ಚಿಮ ಘಟ್ಟದ ಬೀಟೆ ಜಗತ್ತಿನ ಗಿಟಾರ್ ತಯಾರಕರು ಬೆರಳುಹಲಗೆಗೆ ಬಯಸಿ ತರಿಸಿಕೊಳ್ಳುವ ಮರ. ಉದ್ದಕ್ಕೆ ಎಳೆಯುವ ತಂತಿಗಳ ಸೆಳೆತಕ್ಕೆ ಬಾಗದೆ ನಿಲ್ಲುವ ಹಲಗೆ ಈ ವಾದ್ಯದ ಪ್ರಾಣ.

ಕೊಂಡವರ ಪಾಡು ಏನಾಗಿತ್ತು? ಅವರೆಲ್ಲ ಚಾಪ್‌ಮನ್ ನಡೆದ ದಾರಿಯನ್ನೇ ತುಳಿಯಬೇಕಾಯಿತು. ಅವರಿಗಾಗಿ ಚಾಪ್‌ಮನ್ 1976ರಲ್ಲಿ 'ಫ್ರೀ ಹ್ಯಾಂಡ್ಸ್' ಎಂಬ ಪಾಠಪುಸ್ತಕ ಬರೆದರು. ವಾದ್ಯದಲ್ಲಿ ಹತ್ತು ತಂತಿ. ಬಲಗೈಯ ರಾಗಕ್ಕೆ ಐದು, ಎಡಗೈಯ ಮಂದ್ರಕ್ಕೆ ಐದು. ಅತಿ ದಪ್ಪ ಮಂದ್ರತಂತಿ ಅಂಚಿನಲ್ಲಿರದೆ ಹಲಗೆಯ ನಡುವಿನಲ್ಲಿದೆ. ರಾಗದ ತಂತಿಗಳ ನಡುವೆ ಷಡ್ಜದಿಂದ ಮಧ್ಯಮದಷ್ಟು ಅಂತರ, ಮಂದ್ರದವುಗಳ ನಡುವೆ ಷಡ್ಜದಿಂದ ಪಂಚಮದಷ್ಟು. ಅಂತರ ಎಲ್ಲೂ ಬದಲಾಗದ ಕಾರಣ ಒಂದು ರಾಗದ ಬೆರಳುವಿನ್ಯಾಸವನ್ನು ಒಮ್ಮೆ ಕಲಿತರೆ ಸಾಕು, ಶ್ರುತಿ ಕರಿ ಎರಡಿರಲಿ ಬಿಳಿ ನಾಲ್ಕಿರಲಿ, ಅದೇ ವಿನ್ಯಾಸವನ್ನು ಮೇಲೆ ಕೆಳಗೆ ಸರಿಸಬಹುದು.

ಹೊಸಬರನ್ನು ಸೋಲಿಸುತ್ತಿದ್ದದ್ದು ಬೇರೆಯೇ. ಗಿಟಾರಿನಿಂದ ಬಂದವರು ತಂತಿಯನ್ನು ಹಿಂಡುತ್ತಿದ್ದರು, ಕೈ ಸೋಲುತ್ತಿತ್ತು, ಸ್ವರ ಮಾತ್ರ ದೊಡ್ಡದಾಗುತ್ತಿರಲಿಲ್ಲ. ಪಿಯಾನೋದಿಂದ ಬಂದವರು ತಟ್ಟಿ ಬೆರಳೆತ್ತಿಬಿಡುತ್ತಿದ್ದರು, ಎತ್ತಿದ ಕ್ಷಣಕ್ಕೆ ಸ್ವರ ಸಾಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಗೋಡೆ ಎರಡು ಕೈಗಳ ಸ್ವಾತಂತ್ರ್ಯ. ಎಡಗೈ ಷಡ್ಜ ಪಂಚಮಗಳನ್ನು ಒಂದು ಲಯದಲ್ಲಿ ತಟ್ಟುತ್ತಿರಬೇಕು, ಬಲಗೈ ಇನ್ನೊಂದು ಲಯದಲ್ಲಿ ಆಲಾಪಕ್ಕೆ ಹೊರಡಬೇಕು. ಒಂದು ಕೈ ಓಡಿದರೆ ಇನ್ನೊಂದು ತಾನಾಗಿಯೇ ಅದರ ಹಿಂದೆ ಓಡುತ್ತಿತ್ತು. ಇದಕ್ಕೆ ಮದ್ದು ನಿಧಾನವೊಂದೇ. ಬೆಳಗಾವಿಯಲ್ಲಿ ಪೇಟಿ ಕಲಿತವರು ಸ್ಟಿಕ್ಕಿಗೆ ಬಂದರೆ ಅವರ ಬಲಗೈ ಬೇಗ ದಾರಿ ಕಂಡುಕೊಳ್ಳುತ್ತದೆ, ತಿದಿ ಒತ್ತಿ ಬೆಳೆದ ಎಡಗೈ ಮೊದಲ ಪಾಠದಿಂದ ಶುರುಮಾಡಬೇಕಾಗುತ್ತದೆ. ಆದರೆ ಪೇಟಿ ಕೊಡದ ಒಂದು ಸುಖ ಇಲ್ಲಿದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಪೇಟಿಯಲ್ಲಿ ಬಾರದು ಎಂಬುದು 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ದೂರವಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಸ್ಟಿಕ್ಕಿನಲ್ಲಿ ಬೆರಳು ನೇರವಾಗಿ ತಂತಿಯ ಮೇಲೇ ಇರುವುದರಿಂದ ಜಾರಬಹುದು, ಎಳೆಯಬಹುದು, ನಡುಗಿಸಬಹುದು. ಹಿಂದುಸ್ತಾನಿ ಕಿವಿಗೆ ಇದು ಸಣ್ಣ ಲಾಭವಲ್ಲ.

ವಾದ್ಯಕ್ಕೆ ಹೆಸರು ತಂದುಕೊಟ್ಟವರು ಬಾಸ್ ಗಿಟಾರ್ ವಾದಕ ಟೋನಿ ಲೆವಿನ್. 1981ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ 'ಡಿಸಿಪ್ಲಿನ್' ಆಲ್ಬಂನಲ್ಲಿ ಅವರ ಸ್ಟಿಕ್ ಕೇಳಿ ಜಗತ್ತಿನ ರಾಕ್ ಕೇಳುಗರು ಇದೇನೆಂದು ಹುಡುಕತೊಡಗಿದರು. 1984ರ 'ಡ್ಯೂನ್' ಚಿತ್ರದಲ್ಲಿ ಸಾವಿರಾರು ವರ್ಷ ಮುಂದಿನ ಕಾಲದ ವಾದ್ಯವೊಂದು ಬೇಕಾದಾಗ ನಟನ ಕೈಗೆ ಕೊಟ್ಟದ್ದು ಸ್ಟಿಕ್ಕನ್ನೇ. ಅಷ್ಟರಲ್ಲಿ ಎಡ್ಡಿ ವ್ಯಾನ್ ಹೇಲನ್ 1978ರಲ್ಲಿ ಗಿಟಾರಿನ ಮೇಲೆ ತಟ್ಟುವಿಕೆಯನ್ನು ಮನೆಮಾತಾಗಿಸಿದ್ದರು, 1985ರಲ್ಲಿ ಸ್ಟ್ಯಾನ್ಲಿ ಜೋರ್ಡನ್ ಎರಡೂ ಕೈಗಳಿಂದ ಗಿಟಾರನ್ನೇ ಪಿಯಾನೋದಂತೆ ನುಡಿಸಿ ಹೆಸರಾದರು.

ತಟ್ಟಿ ಎಬ್ಬಿಸುವ ಈ ಸ್ವರ ಇಷ್ಟು ದಿನ ಎಲ್ಲಿ ಅಡಗಿತ್ತು? ಅಡಗಿರಲಿಲ್ಲ, ಕೇಳಿಸುತ್ತಿರಲಿಲ್ಲ. ಯುರೋಪಿನ ಕ್ಲಾವಿಕಾರ್ಡ್ ಎಂಬ ಹಳೆಯ ವಾದ್ಯದಲ್ಲಿ ಮನೆ ಒತ್ತಿದರೆ ಹಿತ್ತಾಳೆಯ ಚೂರೊಂದು ತಂತಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಸ್ವರ ಎಬ್ಬಿಸುವುದೂ ಅದೇ, ಸ್ವರದ ಎಲ್ಲೆ ಗುರುತಿಸುವುದೂ ಅದೇ. ಸ್ಟಿಕ್ಕಿನಲ್ಲಿ ಆ ಹಿತ್ತಾಳೆಯ ಜಾಗಕ್ಕೆ ಬೆರಳು ಬಂದಿದೆ. ಆದರೆ ಹೀಗೆ ಬಡಿಯುವುದು ನುಡಿಯುವ ತಂತಿಯ ತುದಿಯಲ್ಲಿ. ತುದಿಗೆ ಕೊಟ್ಟ ಪೆಟ್ಟಿನಿಂದ ತಂತಿ ಹೆಚ್ಚು ತೂಗಾಡುವುದಿಲ್ಲ, ನಡುವೆ ಮೀಟಿದಷ್ಟು ಶಕ್ತಿ ಅದಕ್ಕೆ ಸಿಗುವುದಿಲ್ಲ. ಕ್ಲಾವಿಕಾರ್ಡ್ ಕೋಣೆಯಾಚೆ ಕೇಳಿಸದಷ್ಟು ಮೆಲುದನಿಯದಾದದ್ದು ಇದೇ ಕಾರಣಕ್ಕೆ. ಡಿ'ಆರ್ಮಂಡ್ ತಯಾರಿಸುತ್ತಿದ್ದಂಥ ಪಿಕಪ್ಪುಗಳು ಆ ಕೊರತೆಯನ್ನು ತುಂಬಿಕೊಟ್ಟವು. ಸ್ವರದ ಬಲ ನಿಂತಿರುವುದು ಬೆರಳು ಇಳಿಯುವ ವೇಗದ ಮೇಲೆ, ಇಳಿದ ಮೇಲಿನ ಒತ್ತಡದ ಮೇಲಲ್ಲ. ಹಿಂಡಿದವರು ಸೋತದ್ದು ಯಾಕೆಂದು ಇದರಿಂದ ತಿಳಿಯುತ್ತದೆ.

ಚಾಪ್‌ಮನ್ 2021ರ ನವೆಂಬರ್ 1ರಂದು ತೀರಿಕೊಂಡರು. ಸ್ಟಿಕ್ ದುಬಾರಿ ವಾದ್ಯ, ಬೆಳಗಾವಿಯಲ್ಲೋ ಖಾನಾಪುರದಲ್ಲೋ ಕುಳಿತವರು ಅದನ್ನು ದೂರದಿಂದಲೇ ತರಿಸಬೇಕು. ಆದರೆ ಅದರ ರುಚಿ ನೋಡಲು ಅಷ್ಟೆಲ್ಲ ಬೇಕಿಲ್ಲ. ಮನೆಯಲ್ಲೊಂದು ಹಳೆಯ ವಿದ್ಯುತ್ ಗಿಟಾರ್ ಇದ್ದರೆ ತಂತಿಗಳನ್ನು ತಗ್ಗಿಸಿ, ಮೊದಲ ಮೆಟ್ಟಿಲಿನ ಬಳಿ ತಂತಿಗಳ ಸಂದಿಗೆ ಮೆತ್ತನೆಯ ಬಟ್ಟೆಯ ಪಟ್ಟಿ ಹೆಣೆದು, ಕತ್ತನ್ನು ನೆಟ್ಟಗೆ ನಿಲ್ಲಿಸಿ, ಬಲಗೈಯನ್ನು ಆಚೆ ಬದಿಯಿಂದ ತಂದು ತಟ್ಟಿ ನೋಡಬಹುದು. ಮೊದಲು ಬಲಗೈಯಲ್ಲಿ ಸರಿಗಮ, ಆಮೇಲೆ ಎಡಗೈಯಲ್ಲಿ ಷಡ್ಜ ಪಂಚಮ, ಎರಡೂ ಕೂಡುವುದು ಕೊನೆಗೆ.